ವಿಂಗ್ ಫಾಯಿಲ್‌ಗೆ ಬೂಮ್: ಮೊದಲು ಎಳೆತದ ಜಾಗ ಹುಡುಕಿ, ಆಮೇಲೆ ಕೊಳವೆ ಕೊಳ್ಳಿ

ವಿಂಗ್ ಫಾಯಿಲಿಂಗ್ ಅನ್ನುವ ನೀರಿನ ಆಟ ಕಲಿತು ಒಂದು ಸೀಸನ್ ಕಳೆದವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಇದು: ವಿಂಗ್ ಹಿಡಿಯಲು ಹ್ಯಾಂಡಲ್ ಸಾಕಾ, ಉದ್ದ ಕೊಳವೆಯ ಬೂಮ್ ಹಾಕಿಸಬೇಕಾ? ಅಂಗಡಿಯವರನ್ನು ಕೇಳಿದರೆ ಕಾರ್ಬನ್ ಬೂಮ್ ತೆಗೆದು ತೋರಿಸುತ್ತಾರೆ. ಅಲೆಗಳ ಮೇಲೆ ಆಡುವವರು ಬೂಮ್ ಅಂದರೆ ಮೂಗು ಮುರಿಯುತ್ತಾರೆ. ವಿಂಡ್‌ಸರ್ಫಿಂಗ್‌ನಿಂದ ಬಂದವರಿಗೆ ಹ್ಯಾಂಡಲ್ ಕೈಗೇ ಹತ್ತುವುದಿಲ್ಲ. ಅವರವರ ಮಟ್ಟಿಗೆ ಎಲ್ಲರೂ ಸರಿಯೇ. ಆದರೆ ನಿಮ್ಮ ವಿಂಗ್ ಗಾಳಿಯಲ್ಲಿ ಯಾವ ಜಾಗದಿಂದ ಎಳೆಯುತ್ತದೆ ಅನ್ನುವುದು ಗೊತ್ತಿಲ್ಲದೆ ಬೂಮ್ ಆರಿಸುವುದು ಅಳತೆ ಕೊಡದೆ ಅಂಗಿ ಹೊಲಿಸಿದ ಹಾಗೆ. ಆ ಜಾಗ ಸಿಕ್ಕಿತು ಅಂದರೆ ಉದ್ದ ಎಷ್ಟು, ಎಲ್ಲಿ ಕಟ್ಟಬೇಕು, ಬೂಮ್ ಬೇಕಾ ಬೇಡವಾ ಅನ್ನುವುದೆಲ್ಲ ಬೇಗ ತೀರ್ಮಾನವಾಗುತ್ತದೆ.

ಈ ಆಟ ನೋಡದವರಿಗೆ ಎರಡು ಮಾತು. ಕಾಲ ಕೆಳಗೆ ಒಂದು ಬೋರ್ಡ್. ಬೋರ್ಡಿನ ಅಡಿಯಲ್ಲಿ ನೀರೊಳಗೆ ಇಳಿದ ಒಂದು ಕಂಬ, ಅದರ ತುದಿಯಲ್ಲಿ ಪುಟ್ಟ ವಿಮಾನದಂಥ ಫಾಯಿಲ್. ಸ್ವಲ್ಪ ವೇಗ ಬಂದರೆ ಫಾಯಿಲ್ ಬೋರ್ಡನ್ನು ನೀರಿನಿಂದ ಮೇಲೆತ್ತುತ್ತದೆ. ಆ ವೇಗ ಕೊಡುವುದು ಕೈಯಲ್ಲಿ ಹಿಡಿದ ವಿಂಗ್. ಅದರ ಮುಂಭಾಗದಲ್ಲಿ ಗಾಳಿ ತುಂಬಿದ ದಪ್ಪ ಟ್ಯೂಬ್ ಇರುತ್ತದೆ, ಅದೇ ಲೀಡಿಂಗ್ ಎಡ್ಜ್. ನಡುವೆ ಉದ್ದಕ್ಕೆ ಇನ್ನೊಂದು ತೆಳು ಟ್ಯೂಬ್ ಇರುತ್ತದೆ, ಅದು ಸ್ಟ್ರಟ್. ಎರಡಕ್ಕೂ ಸೇರಿಸಿ ಹೊಲಿದ ಬಟ್ಟೆ. ಅಷ್ಟೇ. ವಿಂಡ್‌ಸರ್ಫಿಂಗ್‌ನಲ್ಲಿ ಹಾಯಿಯ ಕಂಬ ಬೋರ್ಡಿಗೆ ಜೋಡಿಸಿರುತ್ತದೆ, ಆದ್ದರಿಂದ ಎಳೆತದ ಒಂದು ಪಾಲು ನೇರ ಬೋರ್ಡಿಗೆ ಹೋಗುತ್ತದೆ. ಇಲ್ಲಿ ಹಾಗಿಲ್ಲ. ವಿಂಗ್‌ಗೂ ಬೋರ್ಡಿಗೂ ನಡುವೆ ಇರುವುದು ನಿಮ್ಮ ಮೈ ಮಾತ್ರ. ಸೊಂಟಕ್ಕೆ ಕಟ್ಟುವ ಪಟ್ಟಿ, ಅಂದರೆ ಹಾರ್ನೆಸ್, ಹಾಕದಿದ್ದರೆ ಇಡೀ ಎಳೆತ ಬೆರಳುಗಳ ಮೇಲೆ ಬರುತ್ತದೆ. ಹಾಗಾಗಿ ಹಿಡಿಯುವ ಜಾಗ ಅನ್ನುವುದು ಇಲ್ಲಿ ಸಣ್ಣ ವಿಷಯ ಅಲ್ಲ.

ಬೂಮ್ ಅಂದರೆ ಸ್ಟ್ರಟ್ ಕೆಳಗೆ ಉದ್ದಕ್ಕೆ ಹಾಯ್ದ ಗಟ್ಟಿ ಕೊಳವೆ. ಹ್ಯಾಂಡಲ್ ಅಂದರೆ ಸ್ಟ್ರಟ್‌ಗೆ ಹೊಲಿದ ಮೆತ್ತನೆಯ ಹಿಡಿಗಳು, ಮುಂದೊಂದು ಹಿಂದೊಂದು. ಎರಡರ ನಡುವೆ ಇನ್ನೊಂದು ಜಾತಿ ಇದೆ: ಒಂದೊಂದು ಗೇಣು, ಎರಡೆರಡು ಗೇಣು ಉದ್ದದ ಗಟ್ಟಿ ಹ್ಯಾಂಡಲ್‌ಗಳು. ಇವನ್ನು ಸ್ಟ್ರಟ್ ಮೇಲಿನ ಪಟ್ಟಿಗೆ ಸ್ಕ್ರೂ ಹಾಕಿ ಕೂರಿಸುತ್ತಾರೆ.

ಈ ಜಗಳ ಹೊಸದೇನಲ್ಲ. ಈಗ ನಾವು ನೋಡುವ ಗಾಳಿ ತುಂಬುವ ವಿಂಗ್‌ಗಳು ಮಾರುಕಟ್ಟೆಗೆ ಬಂದದ್ದು 2019ರಲ್ಲಿ. ಆ ವರ್ಷವೇ ಎರಡು ದಾರಿಗಳಾದವು. ಕೆನ್ ವಿನ್ನರ್ ವಿನ್ಯಾಸ ಮಾಡಿದ ಡುಯೋಟೋನ್ ಕಂಪನಿಯ ಫಾಯಿಲ್ ವಿಂಗ್‌ಗೆ ಬೂಮ್ ಇತ್ತು. ನೈಶ್ ಕಂಪನಿಯ ವಿಂಗ್-ಸರ್ಫರ್‌ಗೆ ಸ್ಟ್ರಟ್ ಮತ್ತು ಮೆತ್ತನೆಯ ಹ್ಯಾಂಡಲ್ ಇದ್ದವು. ಇಲ್ಲಿ ಗಮನಿಸಬೇಕಾದ ಒಂದು ಅಂಶ ಇದೆ. ಡುಯೋಟೋನ್‌ನ ಆ ಮೊದಲ ವಿಂಗ್‌ನಲ್ಲಿ ಗಾಳಿ ತುಂಬುವ ಸ್ಟ್ರಟ್ ಇರಲೇ ಇಲ್ಲ. ವಿಂಗ್‌ನ ಮುಂದಿನ ತುದಿಯನ್ನೂ ಹಿಂದಿನ ತುದಿಯನ್ನೂ ಬಿಗಿಯಾಗಿ ಹಿಡಿದದ್ದು ಬೂಮ್. ಅದನ್ನು ಬಿಚ್ಚಿದರೆ ಉಳಿಯುವುದು ಬಟ್ಟೆ ಮತ್ತು ಒಂದು ಟ್ಯೂಬ್ ಮಾತ್ರ. ಆಮೇಲೆ ಅದೇ ಕಂಪನಿ ಸ್ಟ್ರಟ್ ಮತ್ತು ಹ್ಯಾಂಡಲ್ ಇರುವ ಯೂನಿಟ್ ತಂದಿತು. ಸ್ಟ್ರಟ್ ಕೆಳಗೆ ಬೂಮ್ ಇರುವ ಸ್ಲಿಕ್ ಕೂಡ ತಂದಿತು. ಹಳೆಯ ವಿಂಗ್ ಕೊಳ್ಳುವವರು ಇದನ್ನು ನೋಡಿಕೊಳ್ಳಬೇಕು. ಬೂಮ್ ವಿಂಗ್‌ನ ಬೆನ್ನೆಲುಬೋ, ಸುಮ್ನೆ ಹಿಡಿಯಲು ಇರುವ ಕೊಳವೆಯೋ? ಮೊದಲನೆಯದಾದರೆ ಬೂಮ್ ಬದಲಿಸುವ ಸ್ವಾತಂತ್ರ್ಯ ನಿಮಗಿಲ್ಲ. ಆ ಬೂಮ್ ಮುರಿದು, ಅದೇ ಅಳತೆಯದು ಇನ್ನೊಂದು ಸಿಗದಿದ್ದರೆ ವಿಂಗ್ ಕೂಡ ಮೂಲೆಗೆ.

ಎರಡು ಕೈ, ಒಂದು ಎಳೆತ

ವಿಂಗ್‌ನ ಮೇಲೆಲ್ಲ ಗಾಳಿ ಒತ್ತುತ್ತದೆ. ಆದರೆ ಆ ಒತ್ತಡವನ್ನೆಲ್ಲ ಕೂಡಿಸಿದರೆ ಒಂದು ಜಾಗದಿಂದ ಎಳೆದ ಹಾಗೆ ಲೆಕ್ಕ ಹಾಕಬಹುದು. ಅದನ್ನು ಎಳೆತದ ಜಾಗ ಅನ್ನೋಣ. ಅದು ಸ್ಟ್ರಟ್‌ನ ನಟ್ಟನಡುವೆ ಇರುವುದಿಲ್ಲ, ಮುಂದಿನ ಅರ್ಧದಲ್ಲಿ ಎಲ್ಲೋ ಇರುತ್ತದೆ. ಒಂದು ಕೈ ಅದಕ್ಕಿಂತ ಮುಂದೆ, ಇನ್ನೊಂದು ಕೈ ಅದಕ್ಕಿಂತ ಹಿಂದೆ ಇದ್ದರೆ ವಿಂಗ್ ನೆಟ್ಟಗೆ ನಿಲ್ಲುತ್ತದೆ. ಯಾವ ಕೈ ಹತ್ತಿರವೋ ಅದಕ್ಕೆ ಭಾರ ಜಾಸ್ತಿ.

ಲೆಕ್ಕ ಹೀಗೆ. ವಿಂಗ್ 10 ಕಿಲೋ ಎಳೆಯುತ್ತಿದೆ ಅಂದುಕೊಳ್ಳಿ. ಎರಡು ಕೈಗಳ ನಡುವೆ 50 ಸೆಂಟಿಮೀಟರ್ ಅಂತರ. ಮುಂದಿನ ಕೈ ಎಳೆತದ ಜಾಗಕ್ಕಿಂತ 20 ಸೆಂಟಿಮೀಟರ್ ಮುಂದೆ, ಹಿಂದಿನ ಕೈ 30 ಸೆಂಟಿಮೀಟರ್ ಹಿಂದೆ. ಆಗ ಮುಂದಿನ ಕೈಗೆ 6 ಕಿಲೋ, ಹಿಂದಿನ ಕೈಗೆ 4 ಕಿಲೋ. ಎರಡೂ ಕೈಯನ್ನು 10 ಸೆಂಟಿಮೀಟರ್ ಹಿಂದಕ್ಕೆ ಸರಿಸಿದರೆ ಮುಂದಿನ ಕೈಗೆ 8, ಹಿಂದಿನದಕ್ಕೆ 2. ಎರಡನ್ನೂ ಮೊದಲಿದ್ದ ಜಾಗದಿಂದ 10 ಸೆಂಟಿಮೀಟರ್ ಮುಂದಕ್ಕೆ ಸರಿಸಿದರೆ ಲೆಕ್ಕ ತಿರುಗುಮುರುಗು: ಮುಂದೆ 4, ಹಿಂದೆ 6. ಹತ್ತು ಸೆಂಟಿಮೀಟರ್ ಅಂದರೆ ಒಂದು ಮುಷ್ಟಿಯಷ್ಟು ಜಾಗ. ಅಷ್ಟರಲ್ಲಿ ಒಂದು ಕೈಯ ಭಾರ ಅರ್ಧಕ್ಕೆ ಇಳಿಯುತ್ತದೆ.

ಗಾಳಿ ಒಂದೇ ಸಮ ಬೀಸಿದರೆ ಇಷ್ಟಕ್ಕೇ ಮುಗಿಯುತ್ತಿತ್ತು. ಹ್ಯಾಂಡಲ್ ಸರಿಯಾದ ಜಾಗದಲ್ಲಿ ಹೊಲಿದಿದ್ದರೆ ಬೂಮ್‌ನ ಮಾತೇ ಬರುತ್ತಿರಲಿಲ್ಲ. ಆದರೆ ಗಾಳಿ ಜೋರಾದಾಗ ಎರಡು ಸಂಗತಿ ಒಟ್ಟಿಗೆ ನಡೆಯುತ್ತವೆ. ಎಳೆತ ಗಾಳಿಯ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 15 ನಾಟ್ (ಒಂದು ನಾಟ್ ಅಂದರೆ ಗಂಟೆಗೆ ಸುಮಾರು 1.85 ಕಿಲೋಮೀಟರ್) ಇದ್ದದ್ದು 20 ನಾಟ್ ಆದರೆ ಎಳೆತ ಹೆಚ್ಚುಕಡಿಮೆ 1.8 ಪಟ್ಟು. ಜೊತೆಗೆ ಬಟ್ಟೆ ಹಿಗ್ಗಿ ಅದರ ಉಬ್ಬು ಹಿಂದಕ್ಕೆ ಸರಿಯುತ್ತದೆ, ಎಳೆತದ ಜಾಗವೂ ಅದರ ಜೊತೆ ಹಿಂದಕ್ಕೆ ಹೋಗುತ್ತದೆ. ಮೇಲಿನ ಉದಾಹರಣೆಯಲ್ಲೇ ನೋಡಿ. 10 ಕಿಲೋ ಇದ್ದದ್ದು 18 ಆಯಿತು, ಎಳೆತದ ಜಾಗ 10 ಸೆಂಟಿಮೀಟರ್ ಹಿಂದೆ ಸರಿಯಿತು ಅಂದುಕೊಳ್ಳೋಣ. ಕೈಗಳು ಇದ್ದಲ್ಲೇ ಇದ್ದರೆ ಮುಂದಿನ ಕೈಗೆ 7 ಕಿಲೋ, ಹಿಂದಿನ ಕೈಗೆ ಸುಮಾರು 11. ಹಿಂದಿನ ಕೈ ಆಗ ತಾನೆ 4 ಕಿಲೋ ಹಿಡಿದಿತ್ತು! "ಗಾಳಿ ಜೋರಾದ್ರೆ ಹಿಂದಿನ ಕೈ ಹರಿದುಹೋಗುತ್ತೆ" ಅಂತ ಎಲ್ಲರೂ ದೂರುವುದು ಇದಕ್ಕೇ.

ಆಗ ಏನು ಮಾಡಬಹುದು? ಹಿಂದಿನ ಕೈ ಸಡಿಲಿಸಿ ವಿಂಗ್‌ನಿಂದ ಗಾಳಿ ಚೆಲ್ಲಬಹುದು. ಎರಡೂ ಕೈಗಳನ್ನು ಹಿಂದಕ್ಕೆ ಸರಿಸಿ ಭಾರ ಹಂಚಿಕೊಳ್ಳಲೂಬಹುದು. ಇವೆರಡೂ ಬೇರೆ ಬೇರೆ ಕೆಲಸ, ಹೊಸಬರು ಇವನ್ನು ಒಂದೇ ಅಂದುಕೊಳ್ಳುತ್ತಾರೆ. ಚೆಲ್ಲಿದರೆ ಎಳೆತವೇ ಕಡಿಮೆಯಾಗುತ್ತದೆ. ಸರಿಸಿದರೆ ಎಳೆತ ಹಾಗೇ ಇರುತ್ತದೆ, ಹೊರುವುದು ಮಾತ್ರ ಸುಲಭವಾಗುತ್ತದೆ. ಹ್ಯಾಂಡಲ್ ಇದ್ದವರಿಗೆ ಚೆಲ್ಲುವುದು ಸುಲಭ, ಸರಿಸುವುದು ಕಷ್ಟ. ಹೊಲಿದ ಜಾಗದಲ್ಲಿ ಮಾತ್ರ ಹಿಡಿ ಇದೆಯಲ್ಲ. ಬೂಮ್ ಇದ್ದವರಿಗೆ ಎರಡೂ ಆಗುತ್ತದೆ.

ನನ್ನ ಪ್ರಕಾರ ಬೂಮ್‌ನ ಅಸಲಿ ಉಪಯೋಗ ಇದೇ. ಗಟ್ಟಿಯಾಗಿದೆ, ನೋಡಲು ಚೆನ್ನಾಗಿದೆ, ಕಾರ್ಬನ್ ಇದೆ ಅನ್ನುವುದೆಲ್ಲ ಆಮೇಲಿನ ಮಾತು.

ಕ್ಯಾಲಿಫೋರ್ನಿಯಾದ ಬೇ ಏರಿಯಾ ಇದಕ್ಕೆ ಒಳ್ಳೆಯ ಉದಾಹರಣೆ. ಅಲ್ಲಿರುವ ಕನ್ನಡದವರಿಗೆ ಫಾಸ್ಟರ್ ಸಿಟಿ, ಅಲಮೀಡಾ, ಬರ್ಕ್‌ಲಿ ಅಂದರೆ ನೆಂಟರ ಮನೆ ಇರುವ ಊರುಗಳು. ವಿಂಗ್ ಹಿಡಿದವರಿಗೂ ಅವು ಪರಿಚಿತ ಜಾಗಗಳೇ. ಬೇಸಿಗೆಯ ಮಧ್ಯಾಹ್ನ ಒಳನಾಡಿನ ಕಣಿವೆ ಕಾಯುತ್ತದೆ, ಅಲ್ಲಿನ ಬಿಸಿ ಗಾಳಿ ಮೇಲೇರುತ್ತದೆ. ಪೆಸಿಫಿಕ್ ಮೇಲಿನ ತಂಪು ಗಾಳಿ ಆ ಜಾಗ ತುಂಬಲು ಗುಡ್ಡಗಳ ನಡುವಿನ ಸಂದುಗಳಿಂದ ನುಗ್ಗುತ್ತದೆ. ಸ್ಯಾನ್ ಬ್ರೂನೋ ಗ್ಯಾಪ್ ಅಂಥದ್ದೊಂದು ಸಂದು, ಫಾಸ್ಟರ್ ಸಿಟಿ ಕಡೆಗೆ ಗಾಳಿ ಬರುವ ದಾರಿ ಅದು. ದಂಡೆಯ ಹತ್ತಿರ ಗಾಳಿ ಬಿಟ್ಟು ಬಿಟ್ಟು ಬರುತ್ತದೆ, ಒಳಗೆ ಹೋದರೆ ಜೋರಾಗಿಯೂ ಸಮವಾಗಿಯೂ ಬೀಸುತ್ತದೆ. ದಂಡೆಯಲ್ಲಿ ಫಾಯಿಲ್ ಮೇಲೆ ಏಳಲು ದೊಡ್ಡ ವಿಂಗ್ ಬೇಕು, ನಡುವೆ ಹೋದರೆ ಅದೇ ವಿಂಗ್ ಜಾಸ್ತಿಯಾಗುತ್ತದೆ. ಕೈ ಸರಿಸಲು ಜಾಗ ಇದ್ದರೆ ಇಂಥ ಕಡೆ ಒಂದೇ ವಿಂಗ್‌ನಲ್ಲಿ ಸಂಭಾಳಿಸಬಹುದು.

ಎಳೆತದ ಜಾಗ ಹುಡುಕುವುದು

ಇದನ್ನು ದಂಡೆಯ ಮೇಲೆಯೇ ಮಾಡಬಹುದು. ಹತ್ತಿಪ್ಪತ್ತು ಹೆಜ್ಜೆ ಸುತ್ತಲೂ ಜನ, ನಾಯಿ, ಮಕ್ಕಳು ಇರಬಾರದು. ಗಾಳಿ 12–15 ನಾಟ್ ಇರಬೇಕು. ತೀರಾ ಕಡಿಮೆ ಗಾಳಿಯಲ್ಲಿ ಮಾಡಿದರೆ ಉತ್ತರ ತಪ್ಪಾಗುತ್ತದೆ, ಯಾಕೆಂದರೆ ಆಗ ನಿಮ್ಮ ಕೈಗೆ ತಿಳಿಯುವುದು ವಿಂಗ್‌ನ ತೂಕ, ಗಾಳಿಯ ಎಳೆತ ಅಲ್ಲ. ಲೀಡಿಂಗ್ ಎಡ್ಜ್‌ನ ತೂಕದಿಂದ ಅದು ಮುಂದಕ್ಕೇ ವಾಲುತ್ತದೆ.

ವಿಂಗ್‌ಗೆ ಪೂರ್ತಿ ಗಾಳಿ ತುಂಬಿ. ಎಷ್ಟು ತುಂಬಬೇಕು ಅನ್ನುವುದನ್ನು ವಾಲ್ವ್ ಪಕ್ಕದಲ್ಲೇ ಅಚ್ಚು ಹಾಕಿರುತ್ತಾರೆ, ಹೆಚ್ಚಿನವಕ್ಕೆ 6ರಿಂದ 8 ಪಿಎಸ್‌ಐ. ಪಂಪ್‌ನ ಮೇಲೆ ಮುಳ್ಳು ಇದ್ದರೆ ಅದನ್ನು ನೋಡಿ, ಕೈಯಿಂದ ಒತ್ತಿ ಅಂದಾಜು ಮಾಡಬೇಡಿ. ಒಳಗೆ ತುಂಬಿದ ಗಾಳಿ ಕಡಿಮೆ ಇದ್ದರೆ ಸ್ಟ್ರಟ್ ಬಾಗುತ್ತದೆ, ಎಳೆತದ ಜಾಗವೂ ಅಲ್ಲಿಲ್ಲಿ ಓಡಾಡುತ್ತದೆ. "ಈ ವಿಂಗ್ ಸರಿಯಿಲ್ಲ, ಹಿಂದಿನ ಕೈ ತುಂಬಾ ಎಳೆಯುತ್ತೆ" ಅನ್ನುವ ದೂರುಗಳಲ್ಲಿ ಸಾಕಷ್ಟು ಇಲ್ಲೇ ಪರಿಹಾರ ಆಗುತ್ತವೆ.

ಈಗ ಆಡುವಾಗ ನಿಲ್ಲುವ ಹಾಗೆ ಗಾಳಿಗೆ ಅಡ್ಡ ನಿಂತು ವಿಂಗ್ ಎತ್ತಿ. ಹಿಂದಿನ ಕೈ ಎಳೆದು ಚೆನ್ನಾಗಿ ಗಾಳಿ ಹಿಡಿಯಲಿ. ಆಮೇಲೆ ಎರಡೂ ಕೈಯನ್ನು ಸ್ವಲ್ಪ ಸ್ವಲ್ಪವೇ ಒಂದರ ಕಡೆಗೊಂದು ತನ್ನಿ. ಹಿಂದಿನ ಕೈಗೆ ಭಾರ ಅನ್ನಿಸಿದರೆ ಎರಡನ್ನೂ ಒಂದೆರಡು ಬೆರಳಷ್ಟು ಹಿಂದೆ ಸರಿಸಿ. ಮುಂದಿನ ಕೈಗೆ ಭಾರ ಅನ್ನಿಸಿದರೆ ಮುಂದಕ್ಕೆ ಸರಿಸಿ. ಕೊನೆಗೆ ಎರಡು ಮುಷ್ಟಿ ಒಂದಕ್ಕೊಂದು ತಾಗುತ್ತವೆ. ಆಗ ಒಂದು ಕೈ ಬಿಟ್ಟರೂ ವಿಂಗ್ ಆಚೆಗೂ ತಿರುಗುವುದಿಲ್ಲ, ಈಚೆಗೂ ತಿರುಗುವುದಿಲ್ಲ. ಅಲ್ಲಿಗೆ ಜಾಗ ಸಿಕ್ಕಿತು. ಬೂಮ್ ಇದ್ದರೆ ಅಲ್ಲೊಂದು ಸುತ್ತು ಬಣ್ಣದ ಇನ್ಸುಲೇಶನ್ ಟೇಪ್ ಸುತ್ತಿ. ಇಲ್ಲದಿದ್ದರೆ ಹ್ಯಾಂಡಲ್‌ಗಳ ನಡುವೆ ಗಟ್ಟಿಯಾಗಿ ಒಂದು ಹಗ್ಗ ಕಟ್ಟಿಕೊಂಡು ಪರೀಕ್ಷೆ ಮಾಡಿ, ಸ್ಟ್ರಟ್ ಮೇಲೆ ಮಾರ್ಕರ್‌ನಿಂದ ಗೆರೆ ಎಳೆಯಿರಿ.

ನೀರಿಗಿಳಿದ ಮೇಲೆ ಇನ್ನೊಮ್ಮೆ ನೋಡಬೇಕು. ಫಾಯಿಲ್ ಮೇಲೆ ಓಡುವಾಗ ಮೈಗೆ ತಾಗುವ ಗಾಳಿಯೇ ಬೇರೆ, ನಿಮ್ಮ ವೇಗವೂ ಅದಕ್ಕೆ ಸೇರಿರುತ್ತದೆ. ಟೇಪ್ ಒಂದೆರಡು ಬೆರಳು ಆಚೀಚೆ ಸರಿಸಬೇಕಾಗಿ ಬರಬಹುದು. ಗುರುತಿನ ಎರಡೂ ಕಡೆ ಕೈ ಸಮವಾಗಿ ಇದ್ದು, ಸಮವಾಗಿ ದಣಿದರೆ ಗುರುತು ಸರಿಯಾಗಿದೆ.

ಈ ಪರೀಕ್ಷೆ ಮಾಡಿದವರಲ್ಲಿ ಕೆಲವರಿಗೆ ಒಂದು ವಿಷಯ ಗೊತ್ತಾಗುತ್ತದೆ: ಅವರ ಹ್ಯಾಂಡಲ್‌ಗಳು ಇರಬೇಕಾದ ಜಾಗದಲ್ಲೇ ಇವೆ! ಮುಂದಿನ ಹ್ಯಾಂಡಲ್, ಹಿಂದಿನ ಹ್ಯಾಂಡಲ್ ಎರಡೂ ಗುರುತಿನಿಂದ ಸಮ ದೂರದಲ್ಲಿರುತ್ತವೆ. ಅಂಥವರು ದುಡ್ಡು ಉಳಿಸಿಕೊಳ್ಳಬಹುದು.

ಎಷ್ಟು ಉದ್ದ, ಎಷ್ಟು ದಪ್ಪ

ಉದ್ದದ ಲೆಕ್ಕ ಸರಳ. ನೀವು ನಿಜವಾಗಿ ಹಿಡಿಯುವ ಅತಿ ಮುಂದಿನ ಜಾಗ ಯಾವುದು, ಅತಿ ಹಿಂದಿನ ಜಾಗ ಯಾವುದು? ಅತಿ ಹಿಂದಿನದು ಸಾಮಾನ್ಯವಾಗಿ ಬೇಕಾಗುವುದು ಏಳುವಾಗ. ಗಾಳಿ ಕಡಿಮೆ ಇದ್ದಾಗ ವಿಂಗ್ ಬೀಸಿ ಬೀಸಿ ಬೋರ್ಡ್ ಎತ್ತಬೇಕು, ಆಗ ಹಿಂದಿನ ಕೈ ಎಷ್ಟು ಹಿಂದಿದ್ದರೆ ಅಷ್ಟು ಸನ್ನೆಬಲ. ಅತಿ ಮುಂದಿನದು ಬೇಕಾಗುವುದು ತಿರುಗುವಾಗ, ಕೈ ಬದಲಿಸುವಾಗ. ಉದಾಹರಣೆಗೆ 5 ಚದರ ಮೀಟರ್ ವಿಂಗ್‌ನಲ್ಲಿ ಮುಂದಿನ ಜಾಗ ಲೀಡಿಂಗ್ ಎಡ್ಜ್‌ನಿಂದ 35 ಸೆಂಟಿಮೀಟರ್, ಹಿಂದಿನ ಜಾಗ 105 ಸೆಂಟಿಮೀಟರ್ ಅಂತ ಬಂದರೆ ನಡುವೆ 70 ಸೆಂಟಿಮೀಟರ್. ಎರಡೂ ಕಡೆ ಒಂದೊಂದು ಮುಷ್ಟಿ ಸೇರಿಸಿ. 90 ಸೆಂಟಿಮೀಟರ್ ಕೊಳವೆ ಸಾಕು. ಸ್ಟ್ರಟ್‌ನ ಕೊನೆಯವರೆಗೂ ಹೋಗಬೇಕು ಅಂತೇನಿಲ್ಲ. ಉಳಿದ ಉದ್ದ ಸುಮ್ನೆ ಭಾರ. ಮೊಣಕಾಲೂರಿ ಏಳುವಾಗ ತೊಡೆಗೆ ತಾಗುತ್ತದೆ, ಬಿದ್ದಾಗ ಬೋರ್ಡಿಗೆ ಗುದ್ದುತ್ತದೆ.

ಮೂರ್ನಾಲ್ಕು ವಿಂಗ್ ಇರುವವರಿಗೆ ಇನ್ನೊಂದು ತಲೆನೋವು. ಒಂದೇ ಬೂಮ್ ಎಲ್ಲದಕ್ಕೂ ಆಗುತ್ತದಾ? ಒಂದೇ ಆಕಾರದ ವಿಂಗ್‌ಗಳಾದರೆ ವಿಸ್ತೀರ್ಣ ಎರಡು ಪಟ್ಟಾದಾಗ ಉದ್ದ 1.4 ಪಟ್ಟು ಆಗುತ್ತದೆ. 3 ಚದರ ಮೀಟರ್ ವಿಂಗ್‌ನಲ್ಲಿ ಎಳೆತದ ಜಾಗ ಮುಂದಿನಿಂದ 50 ಸೆಂಟಿಮೀಟರ್ ಇದ್ದರೆ 6 ಚದರ ಮೀಟರ್‌ನದರಲ್ಲಿ 70 ಸೆಂಟಿಮೀಟರ್. ವ್ಯತ್ಯಾಸ ಒಂದು ಗೇಣು. ದೊಡ್ಡ ವಿಂಗ್‌ನಲ್ಲಿ ಕೈಗಳ ಅಂತರವೂ ಜಾಸ್ತಿ ಇಡುತ್ತೇವೆ. ಆದ್ದರಿಂದ ಉದ್ದ ಹೊಂದಿಸಬಹುದಾದ ಬೂಮ್ ಒಳ್ಳೆಯದು. ಒಂದರೊಳಗೊಂದು ಸೇರುವ ಎರಡು ಕೊಳವೆ, ತೂತುಗಳು, ಒಂದು ಗುಂಡಿ ಅಥವಾ ಕ್ಲಿಪ್. ಆದರೆ ಅದರ ಸಂದಿನಲ್ಲಿ ಮರಳು ಹೊಕ್ಕರೆ ಗೋಳು. ಎಳೆದಾಗ ಕರಕರ ಅನ್ನಲು ಶುರುವಾದರೆ ಅಂದೇ ಬಿಚ್ಚಿ ತೊಳೆಯಬೇಕು, ಇಲ್ಲದಿದ್ದರೆ ಮುಂದಿನ ವಾರ ಅದು ಒಂದೇ ಕೊಳವೆ ಆಗಿರುತ್ತದೆ. ನನ್ನ ಆಯ್ಕೆ ಕೇಳಿದರೆ, ಹೆಚ್ಚು ಬಳಸುವ ವಿಂಗ್‌ಗೆ ಸರಿಯಾದ ಉದ್ದದ ಒಂದೇ ತುಂಡು ಕೊಳವೆ. ಉಳಿದ ವಿಂಗ್‌ಗಳಿಗೆ ಕಟ್ಟುವ ಜಾಗ ಬದಲಿಸಿದರಾಯಿತು.

ದಪ್ಪದ ವಿಷಯದಲ್ಲಿ ಜನ ಎಡವುತ್ತಾರೆ. ದಪ್ಪ ಕೊಳವೆ ಬಾಗುವುದಿಲ್ಲ ನಿಜ, ಆದರೆ ಮುಂಗೈ ದಣಿಯುವುದು ದಪ್ಪದಿಂದಲೇ. ಬೆರಳು ಕೊಕ್ಕೆಯ ಹಾಗೆ ಸುತ್ತಿಕೊಂಡರೆ ಹಿಡಿಯಲು ಬಲ ಬೇಕಿಲ್ಲ, ನೇತುಹಾಕಿದಂತೆ ಇರುತ್ತದೆ. ಬೆರಳು ಪೂರ್ತಿ ಸುತ್ತಿಕೊಳ್ಳದಿದ್ದರೆ ಅದುಮಿ ಹಿಡಿಯಬೇಕು, ಅರ್ಧ ಗಂಟೆಗೆ ಮುಂಗೈ ಕಲ್ಲಾಗುತ್ತದೆ. ಹೆಚ್ಚಿನ ಕೈಗಳಿಗೆ 25ರಿಂದ 30 ಮಿಲಿಮೀಟರ್ ಸರಿ. ಮೇಲೆ ಸುತ್ತುವ ಫೋಮ್ ಹಿಡಿಯ ದಪ್ಪವನ್ನೂ ಲೆಕ್ಕಕ್ಕೆ ಸೇರಿಸಿ. ತಣ್ಣೀರಿನಲ್ಲಿ ಗ್ಲೌಸ್ ಹಾಕುವವರು ಇನ್ನೂ ತೆಳುವಾದದ್ದು ಆರಿಸಬೇಕು. ಪುಟ್ಟ ಕೈಯವರು, ಹೆಣ್ಣುಮಕ್ಕಳು, ಹದಿಹರೆಯದವರು ಅಂಗಡಿಯಲ್ಲಿ ಹಿಡಿದು ನೋಡದೆ ಕೊಳ್ಳಬೇಡಿ. ಫೋಮ್ ದಪ್ಪ ಅನ್ನಿಸಿದರೆ ಅದನ್ನು ಕಿತ್ತು ಟೆನಿಸ್ ರ‍್ಯಾಕೆಟ್‌ಗೆ ಸುತ್ತುವ ತೆಳು ಗ್ರಿಪ್ ಸುತ್ತಬಹುದು. ತೀರಾ ಒರಟು ಗ್ರಿಪ್ ಬೇಡ, ಅಂಗೈಯಲ್ಲಿ ಗುಳ್ಳೆ ಏಳುತ್ತದೆ.

ಕಾರ್ಬನ್ನಾ, ಅಲ್ಯೂಮಿನಿಯಮ್ಮಾ? ಕಾರ್ಬನ್ ಹಗುರ, ಗಟ್ಟಿ, ದುಬಾರಿ. ವಿಂಗ್ ಬೀಸುವಾಗ ಕೈಯಲ್ಲಿರುವ ತೂಕವೆಲ್ಲ ಅತ್ತಿತ್ತ ಬೀಸಬೇಕು, ಆದ್ದರಿಂದ ನೂರಿನ್ನೂರು ಗ್ರಾಂ ಕೂಡ ತಿಳಿಯುತ್ತದೆ. ಆದರೆ ಬೋರ್ಡಿನ ಅಂಚಿಗೆ ಬಲವಾಗಿ ತಾಗಿದರೆ ಕಾರ್ಬನ್ ಹೊರಗೆ ಕಾಣದಂತೆ ಒಳಗೇ ಬಿರುಕು ಬಿಡಬಹುದು, ಆಮೇಲೆ ಒಂದು ದಿನ ಹೇಳದೆ ಕೇಳದೆ ಮುರಿಯುತ್ತದೆ. ಅಲ್ಯೂಮಿನಿಯಂ ಮೊದಲು ಬಾಗುತ್ತದೆ, ಕಣ್ಣಿಗೆ ಕಾಣುತ್ತದೆ. ಬಾಗಿದ್ದನ್ನು ನೆಟ್ಟಗೆ ಮಾಡಿ ಮತ್ತೆ ಬಳಸಬೇಡಿ, ಆ ಜಾಗ ಸೋತಿರುತ್ತದೆ. ಸಾಮಾನ್ಯ ಹಾರ್ಡ್‌ವೇರ್ ಅಂಗಡಿಯ ತೆಳು ಪೈಪ್ ಆಗುವುದಿಲ್ಲ. 6061-ಟಿ6 ದರ್ಜೆಯದು ಕೇಳಿ.

ಕೈಯಾರೆ ಮಾಡಿಕೊಳ್ಳುವವರಿಗೆ ಎರಡು ಒಳ್ಳೆಯ ಮೂಲಗಳಿವೆ. ನಿಂತು ಹುಟ್ಟು ಹಾಕುವ ಎಸ್‌ಯುಪಿ ಬೋರ್ಡ್‌ನ ಮುರಿದ ಕಾರ್ಬನ್ ಹುಟ್ಟು ಒಂದು. ಅದರ ಕೋಲು ಕೈಗೆ ಸರಿಹೋಗುವ ದಪ್ಪದಲ್ಲೇ ಇರುತ್ತದೆ, ಹಿಡಿಯಲೆಂದೇ ಮಾಡಿದ್ದಲ್ವಾ. ಇನ್ನೊಂದು ವಿಂಡ್‌ಸರ್ಫಿಂಗ್‌ನ ಹಳೆಯ ಮಾಸ್ಟ್‌ನ (ಹಾಯಿಯ ಕಂಬದ) ತುದಿ ಭಾಗ. ಕಾರ್ಬನ್ ಕತ್ತರಿಸುವಾಗ ಮಾಸ್ಕ್ ಹಾಕಿ, ನೀರು ಹಾಕುತ್ತಾ ಕತ್ತರಿಸಿ. ಆ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ, ಚರ್ಮಕ್ಕೆ ತಾಗಿದರೂ ತುರಿಕೆ.

ಕಟ್ಟುವುದು, ಸರಿಮಾಡುವುದು

ಕಂಪನಿಯ ಬೂಮ್ ಆದರೆ ಅವರ ಕ್ಲಿಪ್, ಅವರ ಸ್ಕ್ರೂ ಇರುತ್ತದೆ, ಹೇಳುವುದು ಹೆಚ್ಚಿಲ್ಲ. ಹ್ಯಾಂಡಲ್ ಇರುವ ವಿಂಗ್‌ಗೆ ಆಮೇಲೆ ಬೂಮ್ ಸೇರಿಸುವವರು ಜಾಗ್ರತೆ ವಹಿಸಬೇಕು.

ಮೊದಲು ಗಾಳಿ ತುಂಬಿ, ಆಮೇಲೆ ಬಿಗಿಯಿರಿ. ಗಾಳಿ ತುಂಬದ ಸ್ಟ್ರಟ್‌ಗೆ ಬಿಗಿಯಾಗಿ ಕಟ್ಟಿ ಆಮೇಲೆ ತುಂಬಿದರೆ ಹೊಲಿಗೆಯ ಮೇಲೆ ಸುಮ್ನೆ ಒತ್ತಡ ಬೀಳುತ್ತದೆ. ಕಟ್ಟುವುದು ಹ್ಯಾಂಡಲ್‌ನ ಬುಡಕ್ಕೆ, ಸ್ಟ್ರಟ್‌ಗೆ ಹೊಲಿದ ಪಟ್ಟಿಯ ಹತ್ತಿರ. ಹ್ಯಾಂಡಲ್‌ನ ಜೋಲುವ ನಡುಭಾಗಕ್ಕೆ ಕಟ್ಟಿದರೆ ಕೊಳವೆ ಉಯ್ಯಾಲೆಯಾಡುತ್ತದೆ, ನೀವು ಎಳೆದದ್ದು ವಿಂಗ್‌ಗೆ ತಡವಾಗಿ ತಲುಪುತ್ತದೆ. ಕಡಿಮೆಯೆಂದರೆ ಮೂರು ಕಡೆ ಕಟ್ಟು ಬೇಕು. ಎರಡೇ ಕಡೆ ಕಟ್ಟಿದರೆ ಬೂಮ್ ಪಕ್ಕಕ್ಕೆ ತಿರುಚುತ್ತದೆ. ಹಿಗ್ಗದ ಡೈನೀಮಾ ಹಗ್ಗ ಅಥವಾ ಅಗಲವಾದ ವೆಲ್ಕ್ರೋ ಪಟ್ಟಿ ಎರಡೂ ಆಗುತ್ತವೆ. ನೈಲಾನ್ ಹಗ್ಗ ಬೇಡ, ನೆನೆದರೆ ಸಡಿಲವಾಗುತ್ತದೆ. ಕಾರ್ಬನ್ ಕೊಳವೆಯ ನಡುವೆ ತೂತು ಕೊರೆಯಬೇಡಿ, ಮುರಿಯುವುದು ಅಲ್ಲೇ. ಹಗ್ಗ ಜಾರದಿರಲು ಕಟ್ಟಿನ ಎರಡೂ ಬದಿಗೆ ಟೇಪ್ ಸುತ್ತಿ ಉಬ್ಬು ಮಾಡಿದರೆ ಸಾಕು.

ಸ್ಟ್ರಟ್‌ಗೂ ಕೊಳವೆಗೂ ನಡುವೆ ಎಷ್ಟು ಜಾಗ ಬಿಡಬೇಕು? ಮುಷ್ಟಿ ಹಿಡಿದಾಗ ಬೆರಳ ಗಿಣ್ಣು ಸ್ಟ್ರಟ್‌ಗೆ ಉಜ್ಜಬಾರದು, ಅಷ್ಟೇ. ಜಾಗ ತೀರಾ ಕಡಿಮೆಯಾದರೆ ಗಿಣ್ಣಿನ ಚರ್ಮ ಸುಲಿಯುತ್ತದೆ, ಜಾಸ್ತಿಯಾದರೆ ವಿಂಗ್ ಕೈಯಿಂದ ದೂರ ಹೋಗಿ ಅದರ ಹಿಡಿತ ಸಡಿಲವಾದಂತೆ ಅನ್ನಿಸುತ್ತದೆ. ಬೂಮ್ ಸ್ಟ್ರಟ್‌ಗೆ ಸಮಾನಾಂತರ ಇರಲೇಬೇಕು ಅಂತಿಲ್ಲ. ಮುಂದಿನ ತುದಿ ಅಥವಾ ಹಿಂದಿನ ತುದಿ ಎರಡು ಬೆರಳು ಕೆಳಗಿದ್ದರೆ ಕೆಲವರ ಮಣಿಕಟ್ಟಿಗೆ ಆರಾಮ. ಮಣಿಕಟ್ಟು ನೋಯುವವರು ಇದನ್ನು ಬದಲಿಸಿ ನೋಡಿ, ಖರ್ಚಿಲ್ಲದ ಪ್ರಯೋಗ.

ಕೊಳವೆಯ ಎರಡೂ ತುದಿ ಮುಚ್ಚಬೇಕು. ಒಂದು, ತೆರೆದ ಕೊಳವೆಗೆ ನೀರು ತುಂಬುತ್ತದೆ. ಮೇಲಕ್ಕೆತ್ತಿದರೆ ಹಿಂದಿನ ತುದಿಯಿಂದ ಧಾರೆಯಾಗಿ ಮೈಮೇಲೆ ಸುರಿಯುತ್ತದೆ, ಅಷ್ಟು ಹೊತ್ತು ಆ ನೀರನ್ನೂ ನೀವೇ ಹೊತ್ತಿರುತ್ತೀರಿ. ಎರಡು, ಕತ್ತರಿಸಿದ ಅಂಚು ವಿಂಗ್‌ನ ಬಟ್ಟೆಯನ್ನೂ ನಿಮ್ಮ ಹಲ್ಲನ್ನೂ ಸಮವಾಗಿ ಕಾಣುತ್ತದೆ. ಒಳಗೆ ಫೋಮ್ ತುರುಕಿ ತುದಿಗೆ ಊರುಗೋಲಿಗೆ ಹಾಕುವ ರಬ್ಬರ್ ಬುಶ್ ಹಾಕಿದರೆ ಕೆಲಸ ಮುಗಿಯಿತು. ಹೆಲ್ಮೆಟ್ ಹೇಗೂ ಹಾಕಬೇಕು, ಬೂಮ್ ಇದ್ದರೆ ಇನ್ನೂ ಕಡ್ಡಾಯ ಅಂದುಕೊಳ್ಳಿ.

ಹಾರ್ನೆಸ್ ಹಗ್ಗದ ವಿಷಯವೂ ಇದೇ ಗುರುತಿಗೆ ಬಂದು ಸೇರುತ್ತದೆ. ಸೊಂಟಕ್ಕೆ ಕಟ್ಟಿದ ಹಾರ್ನೆಸ್‌ನ ಕೊಕ್ಕೆಗೆ ಈ ಹಗ್ಗ ಸಿಕ್ಕಿಸಿದರೆ ಎಳೆತ ಕೈ ಬಿಟ್ಟು ಸೊಂಟಕ್ಕೆ ಹೋಗುತ್ತದೆ. ಹಗ್ಗದ ಎರಡು ತುದಿಗಳನ್ನು ಟೇಪ್ ಗುರುತಿನ ಎರಡೂ ಬದಿಗೆ ಸಮ ದೂರದಲ್ಲಿ ಕಟ್ಟಿ. ಓಡುವಾಗ ಬೆರಳುಗಳನ್ನು ಮೆಲ್ಲಗೆ ಸಡಿಲಿಸಿ. ಹಿಂದಿನ ಕೈಗೆ ಭಾರ ಉಳಿದರೆ ಎರಡೂ ಕಟ್ಟನ್ನು ಹಿಂದಕ್ಕೆ ಸರಿಸಿ, ಮುಂದಿನ ಕೈಗೆ ಉಳಿದರೆ ಮುಂದಕ್ಕೆ. ಒಂದು ಬಾರಿಗೆ ಎರಡು ಬೆರಳಗಲ, ಅದಕ್ಕಿಂತ ಜಾಸ್ತಿ ಬೇಡ. ಬೂಮ್ ಮೇಲೆ ಇದು ನೀರಿನಲ್ಲೇ ಮಾಡಬಹುದಾದ ಕೆಲಸ. ಮೆತ್ತನೆಯ ಹ್ಯಾಂಡಲ್‌ಗೆ ಕಟ್ಟಿದ ಹಗ್ಗ ಸರಿಸಲು ಜಾಗವೇ ಇರುವುದಿಲ್ಲ. ದಿನವಿಡೀ ದೂರ ದೂರ ಓಡುವವರು ಕೊನೆಗೆ ಬೂಮ್‌ಗೆ ಬರುವುದಕ್ಕೆ ಇದೂ ಒಂದು ಕಾರಣ.

ಬೂಮ್ ಯಾರಿಗೆ ಬೇಡ

ಅಲೆಗಳ ಮೇಲೆ ಆಡುವವರಿಗೆ ಬೇಡ. ಅಲೆ ಸಿಕ್ಕ ಮೇಲೆ ಅವರಿಗೆ ಗಾಳಿ ಬೇಕಿಲ್ಲ. ಲೀಡಿಂಗ್ ಎಡ್ಜ್‌ನ ಹ್ಯಾಂಡಲ್ ಒಂದನ್ನೇ ಹಿಡಿದು ವಿಂಗ್ ಬಾವುಟದಂತೆ ಹಿಂದೆ ಬಿಟ್ಟುಕೊಂಡು ಹೋಗುತ್ತಾರೆ. ಆಗ ಕೆಳಗೆ ನೇತಾಡುವ ಗಟ್ಟಿ ಕೊಳವೆ ಬರೀ ಕಿರಿಕಿರಿ. ವಿಂಗ್‌ನ ಸಮತೋಲ ಕೆಡುತ್ತದೆ, ಬಿದ್ದು ಅಲೆಯಲ್ಲಿ ಉರುಳಿದಾಗ ಪಕ್ಕೆಲುಬಿಗೂ ತಾಗಬಹುದು.

ಈಗ ತಾನೇ ಕಲಿಯುತ್ತಿರುವವರು ಕಾಯಬಹುದು. ಅವರ ಕೈ ನೋವಿಗೆ ಕಾರಣ ಹ್ಯಾಂಡಲ್ ಅಲ್ಲ, ಹೆದರಿಕೆಯಿಂದ ಬಿಗಿ ಹಿಡಿಯುವುದು. ಬೋರ್ಡ್ ಮೇಲೆ ಕಾಲು ನಿಂತ ಮೇಲೆ ಅರ್ಧ ನೋವು ತಾನಾಗಿಯೇ ಹೋಗುತ್ತದೆ. ಹಾಗಂತ ಬೂಮ್‌ನಿಂದ ಹೊಸಬರಿಗೆ ಲಾಭವೇ ಇಲ್ಲ ಅಂತಲ್ಲ. ಜೈಬ್ ಮಾಡಿ, ಅಂದರೆ ಗಾಳಿಗೆ ಬೆನ್ನು ಕೊಟ್ಟು ದಿಕ್ಕು ತಿರುಗಿಸಿ, ಕೈ ಬದಲಿಸುವಾಗ ಕಣ್ಣು ಮುಂದಿರಬೇಕು, ಕೈ ತಡಕಾಡುತ್ತದೆ. ಹ್ಯಾಂಡಲ್ ಇದ್ದರೆ ಸಿಗುತ್ತದೋ ಇಲ್ಲವೋ. ಬೂಮ್ ಇದ್ದರೆ ಕೈ ಎಲ್ಲಿ ಬಿದ್ದರೂ ಏನೋ ಒಂದು ಸಿಗುತ್ತದೆ.

ನಡುವಿನ ದಾರಿ ಬೇಕೆಂದವರಿಗೆ ಉದ್ದನೆಯ ಗಟ್ಟಿ ಹ್ಯಾಂಡಲ್‌ಗಳು ಚೆನ್ನಾಗಿವೆ. ಕೈ ಸರಿಸಲು ಒಂದೂವರೆ ಗೇಣು ಜಾಗ ಸಿಗುತ್ತದೆ, ಹಗುರ, ವಿಂಗ್ ಜೊತೆಗೇ ಮಡಚಿ ಚೀಲಕ್ಕೆ ಹಾಕಬಹುದು. ಇಂದು ನನ್ನನ್ನು ಕೇಳುವ ಹೆಚ್ಚಿನವರಿಗೆ ನಾನು ಹೇಳುವುದು ಇದನ್ನೇ. ಅಥವಾ ಮುಂದೆ ಮೆತ್ತನೆಯ ಹ್ಯಾಂಡಲ್ ಹಾಗೇ ಇಟ್ಟು, ಹಿಂದೆ ಮಾತ್ರ ಎರಡು ಗೇಣಿನ ಕೊಳವೆ ಕಟ್ಟಿ ನೋಡಿ. ಜಾಸ್ತಿ ಅಲೆದಾಡುವುದು ಹಿಂದಿನ ಕೈ ತಾನೇ?

ವಿಮಾನದಲ್ಲಿ ಒಯ್ಯುವವರು ಉದ್ದ ನೋಡಿಕೊಳ್ಳಿ. ಗಾಳಿ ತೆಗೆದ ವಿಂಗ್ ಸಣ್ಣ ಗಂಟಾಗುತ್ತದೆ, ಆದರೆ ಒಂದು ಮೀಟರ್ ಕೊಳವೆ ಸೂಟ್‌ಕೇಸ್‌ಗೆ ಹಿಡಿಸುವುದಿಲ್ಲ. ಅಂಥವರಿಗೆ ಎರಡು ತುಂಡಿನ ಬೂಮ್ ಅಥವಾ ಬಿಚ್ಚುವ ಹ್ಯಾಂಡಲ್.

ಬಳಸಿದ ಮೇಲೆ ಸಿಹಿ ನೀರಿನಲ್ಲಿ ತೊಳೆಯಲೇಬೇಕು, ಕೊಳವೆಯ ಒಳಗೂ. ಕಾರ್ಬನ್ ಕೊಳವೆಯೊಳಗೆ ಅಲ್ಯೂಮಿನಿಯಂ ತುಂಡು ಇರುವ ಬೂಮ್‌ಗಳಲ್ಲಿ ಉಪ್ಪುನೀರು ನಿಂತರೆ ಅಲ್ಯೂಮಿನಿಯಂ ಬೇಗ ತಿಂದುಹೋಗುತ್ತದೆ, ಬಿಳಿ ಪುಡಿ ಕಟ್ಟಿ ಎರಡೂ ಅಂಟಿಕೊಳ್ಳುತ್ತವೆ. ಸೆಕೆಂಡ್ ಹ್ಯಾಂಡ್ ಬೂಮ್ ಕೊಳ್ಳುವಾಗ ಮೊದಲು ಆ ಸಂದನ್ನೇ ಎಳೆದು ನೋಡಿ. ಬಿಚ್ಚಲು ಬರದಿದ್ದರೆ ಮಾರುವವರು "ನಾನು ಒಂದೇ ಉದ್ದದಲ್ಲಿ ಬಳಸ್ತಿದ್ದೆ" ಅನ್ನುತ್ತಾರೆ. ಆ ಉದ್ದ ನಿಮಗೂ ಸರಿಯಾಗಿದ್ದರೆ ಚೌಕಾಸಿ ಮಾಡಿ ತಗೊಳ್ಳಿ, ಇಲ್ಲದಿದ್ದರೆ ಬಿಟ್ಟುಬಿಡಿ.